ಆಶಾ ಕಾರ್ಯಕರ್ತೆಯ ಹಣ ತಡವಾದರೆ ಉತ್ತರ ಕೊಡಬೇಕಾದವರು ಯಾರು?

ಮೊನ್ನೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬೇರೊಂದು ಕೆಲಸದ ಮೇಲೆ ಹೋಗಿದ್ದೆ. ಅಲ್ಲಿ ಆಶಾ ಕಾರ್ಯಕರ್ತೆಯರ ಮಾಸಿಕ ಸಭೆ ನಡೆದಿತ್ತು. ಹಿರಿಯ ಕಾರ್ಯಕರ್ತೆಯೊಬ್ಬರು ಎದ್ದು ನಿಂತು, ಮಾಡಿದ ಕೆಲಸದ ಪ್ರೋತ್ಸಾಹಧನ ಏಕೆ ಬಂದಿಲ್ಲ ಎಂದು ಕೇಳಿದರು. ಅಧಿಕಾರಿ, "ಕೇಂದ್ರದಿಂದ ಗ್ರಾಂಟ್ ಬಂದಿಲ್ಲ ಕಣಮ್ಮ, ನಾನೇನು ಮಾಡಲಿ?" ಎಂದರು. ಅವರು ಒರಟಾಗಿಯೇನೂ ಹೇಳಲಿಲ್ಲ, ಸುಳ್ಳನ್ನೂ ಹೇಳಿರಲಾರರು. ಆದರೆ ಆ ಹೆಣ್ಣುಮಗಳು ಮರುಮಾತಿಲ್ಲದೆ ಕುಳಿತುಕೊಂಡದ್ದನ್ನು ಕಂಡು ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಆರೋಗ್ಯ ಯೋಜನೆಗಳ ಹಣ ನಿರ್ವಹಿಸುವ ಜಿಲ್ಲಾ ಆರೋಗ್ಯ ಸೊಸೈಟಿಯಲ್ಲಿ ಲೆಕ್ಕಪತ್ರ ನೋಡಿಕೊಂಡೇ ನಿವೃತ್ತನಾದವನು ನಾನು. ಈ ಉತ್ತರವನ್ನು ಎಷ್ಟೋ ವರ್ಷ ಕೇಳಿದ್ದೇನೆ. ಅದರ ಹಿಂದೆ ಇರುವ ಏರ್ಪಾಡು ಎಂಥದ್ದು ಎಂಬುದನ್ನು ಬರೆಯದೆ ಇರಲಾರೆ.

ದೆಹಲಿಯ ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯ ಎಂದರೆ ಒಂದೇ ಕಚೇರಿಯಲ್ಲ. ಅದರಲ್ಲಿ ಎರಡು ಇಲಾಖೆಗಳಿವೆ. ಒಂದು ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ. ಇನ್ನೊಂದು 2007ರಲ್ಲಿ ಹುಟ್ಟಿದ ಆರೋಗ್ಯ ಸಂಶೋಧನಾ ಇಲಾಖೆ. ಎರಡನೆಯದರ ಕಾರ್ಯದರ್ಶಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರೂ ಹೌದು. ಮೊದಲನೆಯದಕ್ಕೆ ಐಎಎಸ್ ಕಾರ್ಯದರ್ಶಿ ಮುಖ್ಯಸ್ಥರು. ವೈದ್ಯಕೀಯ ಸಲಹೆಗೆ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವಿದೆ. ಅದರ ನೇತೃತ್ವ ವೈದ್ಯರದ್ದು, ಆದರೆ ಹಣದ ಕಡತದ ಮೇಲೆ ನಿರ್ಣಾಯಕ ಸಹಿ ಅವರದ್ದಲ್ಲ. ಆಯುಷ್ 2014ರ ನವೆಂಬರ್‌ನಲ್ಲಿ ಪ್ರತ್ಯೇಕ ಸಚಿವಾಲಯವಾಯಿತು. ಅಂಗನವಾಡಿಯ ಪೌಷ್ಟಿಕ ಆಹಾರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯಕ್ಕೆ, ಕುಡಿಯುವ ನೀರು ಜಲಶಕ್ತಿಗೆ, ಇಎಸ್‌ಐ ಆಸ್ಪತ್ರೆಗಳು ಕಾರ್ಮಿಕ ಸಚಿವಾಲಯಕ್ಕೆ ಸೇರಿವೆ. ಇಷ್ಟು ದೊಡ್ಡ ದೇಶದಲ್ಲಿ ಕೆಲಸ ಹಂಚಿಕೊಳ್ಳಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಕೆಲಸದ ಜೊತೆಗೆ ಹೊಣೆಯನ್ನೂ ಯಾರ ಕೈಗೂ ಸಿಗದ ಹಾಗೆ ಹಂಚಿಬಿಟ್ಟಿದ್ದಾರೆ ಎಂಬುದೇ ನನ್ನ ದೂರು.

ಆ ಕಾರ್ಯಕರ್ತೆಯ ಹಣದ ದಾರಿಯನ್ನೇ ನೋಡಿ. ಕರ್ನಾಟಕದಲ್ಲಿ ರಾಜ್ಯ ಸರ್ಕಾರ ಕೊಡುವ ನಿಶ್ಚಿತ ಗೌರವಧನ ಬೇರೆ, ಇದೇ ಸಚಿವಾಲಯದ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಕೆಲಸಕ್ಕೆ ತಕ್ಕಂತೆ ಬರುವ ಪ್ರೋತ್ಸಾಹಧನ ಬೇರೆ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದ ಬಾಣಂತಿ ಮತ್ತು ಕೂಸನ್ನು ಆರು ಸಲ ಮನೆಗೆ ಹೋಗಿ ನೋಡಿ ಬರುವುದಕ್ಕೆ ಅಭಿಯಾನ ನಿಗದಿಪಡಿಸಿದ ಮೊತ್ತ 250 ರೂಪಾಯಿ. ಈ ಮೊತ್ತ ಆಕೆಯನ್ನು ತಲುಪಬೇಕಾದರೆ ಜಿಲ್ಲೆ ತನ್ನ ಬೇಡಿಕೆಯನ್ನು ಬರೆದು ರಾಜ್ಯಕ್ಕೆ ಕಳುಹಿಸಬೇಕು. ರಾಜ್ಯವು ಎಲ್ಲ ಜಿಲ್ಲೆಗಳ ಬೇಡಿಕೆಯನ್ನು ಸೇರಿಸಿ, ನಾವು ಪಿಐಪಿ ಎನ್ನುವ ಕಾರ್ಯಕ್ರಮ ಅನುಷ್ಠಾನ ಯೋಜನೆಯನ್ನು ಮಾಡಿ ದೆಹಲಿಗೆ ಕೊಡಬೇಕು. ಅಲ್ಲಿ ಸಮನ್ವಯ ಸಮಿತಿಯ ಮುಂದೆ ಚರ್ಚೆಯಾಗಿ, ಯಾವುದಕ್ಕೆ ಎಷ್ಟು ಎಂದು ಬಾಬ್ತುವಾರು ಮಂಜೂರಾತಿಯ ನಡಾವಳಿ ಹೊರಡಬೇಕು. ಆಮೇಲೆ ಹಣ ಕಂತುಗಳಲ್ಲಿ ಬರುತ್ತದೆ. ನಮ್ಮಂಥ ರಾಜ್ಯಗಳಿಗೆ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ 90 ಮತ್ತು 10. ಹಿಂದಿನ ಕಂತನ್ನು ಖರ್ಚು ಮಾಡಿದ್ದಕ್ಕೆ ಲೆಕ್ಕ ಕೊಡುವ ಬಳಕೆ ಪ್ರಮಾಣಪತ್ರ ಸರಿಯಾಗಿ ಸಲ್ಲಿಕೆಯಾಗಿಲ್ಲದಿದ್ದರೆ ಮುಂದಿನ ಕಂತು ನಿಲ್ಲುತ್ತದೆ.

2005ರ ಏಪ್ರಿಲ್‌ನಲ್ಲಿ ಈ ಅಭಿಯಾನದ ಮೊದಲ ರೂಪವಾದ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಕೇಂದ್ರದ ಹಣ ನೇರವಾಗಿ ರಾಜ್ಯ ಆರೋಗ್ಯ ಸೊಸೈಟಿಯ ಖಾತೆಗೆ ಬರುತ್ತಿತ್ತು. 2014-15ರಿಂದ ಅದು ರಾಜ್ಯದ ಖಜಾನೆಯ ಮೂಲಕ ಬರತೊಡಗಿತು. ಶಾಸನಸಭೆಗೆ ಲೆಕ್ಕ ಸಿಗಬೇಕೆಂಬ ಉದ್ದೇಶ ಸರಿಯಾಗಿಯೇ ಇತ್ತು. ಆದರೆ ಹಣ ಖಜಾನೆಗೆ ಬಂದ ದಿನಕ್ಕೂ ಸೊಸೈಟಿಗೆ ತಲುಪಿದ ದಿನಕ್ಕೂ ನಡುವೆ ತಿಂಗಳುಗಳೇ ಉರುಳಿದ್ದನ್ನು ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿ 2017ರ ವರದಿಯಲ್ಲಿ ಎತ್ತಿ ತೋರಿಸಿತು. ಆಮೇಲೆ ಯೋಜನೆಯ ಹಣವೆಲ್ಲ ಒಂದೇ ಕಡೆ ಸೇರುವ, ರಾಜ್ಯಕ್ಕೊಂದೇ ನೋಡಲ್ ಖಾತೆಯ ಪದ್ಧತಿ ಬಂತು, ಹಣ ಎಲ್ಲಿ ನಿಂತಿದೆ ಎಂಬುದನ್ನು ಈಗ ಕಂಪ್ಯೂಟರಿನಲ್ಲಿ ನೋಡಬಹುದು. ಆದರೆ ನೋಡಬಲ್ಲವರು ಅಧಿಕಾರಿಗಳು ಮಾತ್ರ. ಕೆಲಸ ಮಾಡಿ ಕಾಯುತ್ತಿರುವ ಕಾರ್ಯಕರ್ತೆಗೆ "ಬಂದಿಲ್ಲ" ಎಂಬ ಒಂದು ಮಾತು ಬಿಟ್ಟರೆ ಬೇರೇನೂ ಸಿಗುವುದಿಲ್ಲ.

ಇಷ್ಟೂ ಹಂತಗಳಲ್ಲಿ ಪ್ರತಿಯೊಬ್ಬರ ಬಳಿಯೂ ತಾನು ತಡ ಮಾಡಿಲ್ಲ ಎಂದು ತೋರಿಸುವ ಕಾಗದವಿರುತ್ತದೆ. ಅಂಥ ಕಾಗದಗಳನ್ನು ಕಡತಕ್ಕೆ ಸೇರಿಸುವುದೇ ನನ್ನ ಉದ್ಯೋಗವಾಗಿತ್ತು, ಆದ್ದರಿಂದ ಖಚಿತವಾಗಿ ಹೇಳಬಲ್ಲೆ. ದೆಹಲಿಯವರು ಬಿಡುಗಡೆ ಆದೇಶ ತೋರಿಸುತ್ತಾರೆ, ರಾಜ್ಯದವರು ಹಣಕಾಸು ಇಲಾಖೆಗೆ ಬರೆದ ಪತ್ರ ತೋರಿಸುತ್ತಾರೆ, ಜಿಲ್ಲೆಯವರು ಬೇಡಿಕೆ ಪತ್ರ ತೋರಿಸುತ್ತಾರೆ. ಆಶಾ ಕಾರ್ಯಕರ್ತೆಯ ಬಳಿ ಮಾತ್ರ ತೋರಿಸಲು ಏನೂ ಇಲ್ಲ, ಏಕೆಂದರೆ ಆಕೆ ಯಾವ ಸರ್ಕಾರದ ನೌಕರಳೂ ಅಲ್ಲ. ಅಭಿಯಾನದ ಮಾರ್ಗಸೂಚಿ ಆಕೆಯನ್ನು ಸ್ವಯಂಸೇವಕಿ ಎಂದು ಕರೆಯುತ್ತದೆ. ಕೆಲಸವನ್ನು ನಿಗದಿಪಡಿಸುವುದು ದೆಹಲಿ, ಮಾಡಿಸಿಕೊಳ್ಳುವುದು ರಾಜ್ಯ, ನೇಮಕ ಮಾಡಿಕೊಂಡವರು ಯಾರೂ ಇಲ್ಲ! 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶದ ಆಶಾ ಕಾರ್ಯಕರ್ತೆಯರೆಲ್ಲರನ್ನೂ ಗೌರವಿಸಿದಾಗ ಎಲ್ಲ ಸರ್ಕಾರಗಳೂ ಹೆಮ್ಮೆಪಟ್ಟವು. ನಾನೂ ಪಟ್ಟೆ. ಆ ಹೆಮ್ಮೆಗೆ ಎಲ್ಲರೂ ಹಕ್ಕುದಾರರಾಗುವುದಾದರೆ ಬಾಕಿಗೂ ಒಬ್ಬರಾದರೂ ಹೊಣೆಗಾರರು ಇರಬೇಕಲ್ಲವೇ?

ಇದು ಪ್ರೋತ್ಸಾಹಧನದ ಪ್ರಶ್ನೆ ಮಾತ್ರವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡು, ರಕ್ತನಾಳದ ಮೂಲಕ ಕೊಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಹುಟ್ಟಿದ್ದು ನೆನಪಿದೆಯೇ? ಆ ದ್ರಾವಣ ಪಶ್ಚಿಮ ಬಂಗಾಳದ ಕಂಪನಿಯದ್ದು. ಔಷಧ ತಯಾರಿಕೆಯ ಪರವಾನಗಿ ಕೊಡುವುದು ಕಾರ್ಖಾನೆ ಇರುವ ರಾಜ್ಯ. ಮಾನದಂಡ 1940ರ ಕೇಂದ್ರ ಕಾಯ್ದೆಯದ್ದು. ಕೊಂಡು ಬಳಸಿದ್ದು ಕರ್ನಾಟಕ. ರಾಜ್ಯದ ಪ್ರಯೋಗಾಲಯ ಮತ್ತು ಕೇಂದ್ರದ ಪ್ರಯೋಗಾಲಯದ ವರದಿಗಳು ಒಂದಕ್ಕೊಂದು ಹೊಂದಲಿಲ್ಲ, ಮತ್ತು ವಿವಾದವಾದಾಗ ಕಾಯ್ದೆಯ ಪ್ರಕಾರ ಕೇಂದ್ರದ ವರದಿಯದ್ದೇ ಕೊನೆಯ ಮಾತು. ಔಷಧದ ಬೆಲೆಯಂತೂ ಆರೋಗ್ಯ ಸಚಿವಾಲಯದ ಕೈಯಲ್ಲೇ ಇಲ್ಲ, ರಾಸಾಯನಿಕ ಮತ್ತು ರಸಗೊಬ್ಬರ ಸಚಿವಾಲಯದ ಕೈಯಲ್ಲಿದೆ. ಎಳೆಗೂಸುಗಳನ್ನು ಎತ್ತಿಕೊಂಡ ಆ ಮನೆಗಳವರು ಯಾರ ಬಾಗಿಲು ತಟ್ಟಬೇಕು?

ಆರೋಗ್ಯವು ರಾಜ್ಯಪಟ್ಟಿಯ, ಅಂದರೆ ರಾಜ್ಯಗಳ ಅಧಿಕಾರಕ್ಕೆ ಬಿಟ್ಟ ವಿಷಯ, ದೆಹಲಿಯನ್ನು ದೂರುವುದು ಒಕ್ಕೂಟ ವ್ಯವಸ್ಥೆಯನ್ನೇ ಅರಿಯದ ಮಾತು ಎಂದು ಗೆಳೆಯರು ಹೇಳುತ್ತಾರೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ, ಆಸ್ಪತ್ರೆಗಳು ರಾಜ್ಯಪಟ್ಟಿಯಲ್ಲಿರುವುದು ನಿಜ. ಆದರೆ ಔಷಧ, ವೈದ್ಯ ವೃತ್ತಿ, ಕುಟುಂಬ ಯೋಜನೆ, ರಾಜ್ಯದಿಂದ ರಾಜ್ಯಕ್ಕೆ ಹರಡುವ ಸೋಂಕಿನ ತಡೆ ಇವೆಲ್ಲ ಕೇಂದ್ರ, ರಾಜ್ಯ ಎರಡಕ್ಕೂ ಅಧಿಕಾರವಿರುವ ಸಮವರ್ತಿ ಪಟ್ಟಿಯಲ್ಲಿವೆ. ಬಾಬ್ತುವಾರು ಮಂಜೂರಾತಿ ಕೊಡುವಾಗ ಇಲ್ಲದ ರಾಜ್ಯಪಟ್ಟಿ ಉತ್ತರ ಕೊಡುವ ಹೊತ್ತಿಗೆ ನೆನಪಾಗುವುದನ್ನು ಒಕ್ಕೂಟ ತತ್ವ ಎಂದು ನಾನು ಒಪ್ಪಲಾರೆ.

ಇದೇ ಸಚಿವಾಲಯ ಪೋಲಿಯೊವನ್ನು ಓಡಿಸಲಿಲ್ಲವೇ ಎಂದೂ ಕೇಳುತ್ತಾರೆ. ಓಡಿಸಿತು. 2011ರ ಜನವರಿ 13ರಂದು ಹೌರಾ ಜಿಲ್ಲೆಯಲ್ಲಿ ಕಂಡದ್ದೇ ಕೊನೆಯ ಪ್ರಕರಣ. 2014ರ ಮಾರ್ಚ್ 27ರಂದು ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಬಂತು. ಆ ದಿನ ನಮ್ಮ ಕಚೇರಿಯಲ್ಲಿ ಕಣ್ಣೀರು ಹಾಕಿದವರಿದ್ದರು. ಆದರೆ ಅದು ನಡೆದದ್ದು ಹೇಗೆ? ಮಗುವಿನ ಕಾಲಲ್ಲಿ ದಿಢೀರನೆ ಬಲ ಕುಂದಿದರೆ ಯಾರು ವರದಿ ಮಾಡಬೇಕು, ಯಾರು ಬಂದು ನೋಡಬೇಕು, ಮಾದರಿ ಯಾವ ಪ್ರಯೋಗಾಲಯಕ್ಕೆ ಹೋಗಬೇಕು ಎಂಬುದೆಲ್ಲ ಹೆಸರು ಮತ್ತು ಗಡುವಿನೊಂದಿಗೆ ನಿಗದಿಯಾಗಿತ್ತು. ಕೇಂದ್ರವೂ ರಾಜ್ಯವೂ ಆಗಲೂ ಇದ್ದವು, ರಾಜ್ಯಪಟ್ಟಿಯೂ ಇತ್ತು. ಒಂದು ಕೆಲಸಕ್ಕೆ ಇಷ್ಟು ಸ್ಪಷ್ಟವಾಗಿ ಹೊಣೆ ಗೊತ್ತುಮಾಡಬಲ್ಲವರು ಆಶಾ ಕಾರ್ಯಕರ್ತೆಯ ಪ್ರೋತ್ಸಾಹಧನಕ್ಕೆ ಗೊತ್ತುಮಾಡಲಾರರು ಎಂದರೆ ನಾನು ನಂಬುವುದಿಲ್ಲ.

ನಾನು ಕೇಳುವುದು ಹೊಸ ಇಲಾಖೆಯನ್ನೂ ಅಲ್ಲ, ಹೊಸ ಯೋಜನೆಯನ್ನೂ ಅಲ್ಲ. ಪ್ರತಿ ಕಂತು ದೆಹಲಿಯಿಂದ ಹೊರಟ ದಿನ, ಖಜಾನೆಗೆ ಬಂದ ದಿನ, ನೋಡಲ್ ಖಾತೆಗೆ ಸೇರಿದ ದಿನ, ಕಾರ್ಯಕರ್ತೆಯ ಖಾತೆಗೆ ಜಮೆಯಾದ ದಿನ, ಈ ನಾಲ್ಕು ದಿನಾಂಕಗಳನ್ನು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸೂಚನಾ ಫಲಕದಲ್ಲಿ, ಆಯಾ ಹಂತಕ್ಕೆ ಹೊಣೆಯಾದ ಅಧಿಕಾರಿಯ ಹುದ್ದೆಯೊಂದಿಗೆ ಬರೆಯಬೇಕು. ಮಾಹಿತಿ ಅವರ ಬಳಿ ಈಗಾಗಲೇ ಇರುವುದರಿಂದ ಇದಕ್ಕೆ ದೊಡ್ಡ ಖರ್ಚಿಲ್ಲ. ಆರೋಗ್ಯ ಸಚಿವಾಲಯದ ಅನುದಾನ ಬೇಡಿಕೆಗಳನ್ನು ಸಂಸತ್ತಿನ ಸ್ಥಾಯಿ ಸಮಿತಿ ಪ್ರತಿ ವರ್ಷ ಪರಿಶೀಲಿಸುತ್ತದೆ, ಅದರಲ್ಲಿ ಎರಡೂ ಸದನಗಳ ಸದಸ್ಯರಿರುತ್ತಾರೆ. ನಿಮ್ಮ ಕ್ಷೇತ್ರದ ಸಂಸದರು ಎದುರಾದರೆ, ಮುಂದಿನ ಪರಿಶೀಲನೆಗೆ ಮೊದಲು ಈ ನಾಲ್ಕು ದಿನಾಂಕಗಳ ವಿಷಯವನ್ನು ಸಮಿತಿಯ ಮುಂದಿಡುವಂತೆ ಬರವಣಿಗೆಯಲ್ಲಿ ಕೇಳಿ. ನಾನು ನನ್ನ ಪತ್ರವನ್ನು ಬರೆದಿಟ್ಟಿದ್ದೇನೆ. ಬೇಕಾದವರು ಕೇಳಿದರೆ ಕಳುಹಿಸುತ್ತೇನೆ.