ಗಡಿಗೆ ಬೆಣ್ಣೆ ಹಚ್ಚಿದ ಸೇನೆ

ದಕ್ಷಿಣ ಕೊರಿಯಾದ ಸೈನಿಕರು ಗಡಿಯಲ್ಲಿ ಉತ್ತರ ಕೊರಿಯಾದ ಕಡೆಗೆ ಪ್ರಚಾರ ಕೂಗುತ್ತಿದ್ದ ಸ್ಪೀಕರ್ ಕಳಚುತ್ತಿದ್ದ ಫೋಟೊ 2025ರ ಆಗಸ್ಟ್‌ನಲ್ಲಿ ಬಂತಲ್ಲ, ಅವತ್ತಿನಿಂದ ನನಗೆ ಒಂದೇ ಚಿಂತೆ. ಅಲ್ಲಿ ಹಾಡು ಹಾಕುತ್ತಿದ್ದ ಸಾಹೇಬರು ಈಗ ಏನು ಮಾಡುತ್ತಿರಬಹುದು?

ಸಣ್ಣ ಕೆಲಸವೇನಲ್ಲ ಅದು. ಉತ್ತರ ಕೊರಿಯಾ ಕಸ ತುಂಬಿದ ಬಲೂನು ಹಾರಿಸಿತು ಅಂತ ಸಿಟ್ಟಿಗೆದ್ದು, 2018ರಿಂದ ಬಾಯಿ ಮುಚ್ಚಿಕೊಂಡಿದ್ದ ಸ್ಪೀಕರ್‌ಗಳನ್ನು 2024ರ ಜೂನ್ 9ರ ಸಂಜೆ ಮತ್ತೆ ಹಚ್ಚಿದರು. ಎರಡು ಗಂಟೆಯ ಕಾರ್ಯಕ್ರಮ. ಸ್ಯಾಮ್ಸಂಗ್ ಫೋನಿನ ಗುಣಗಾನ ಇತ್ತು. ದಕ್ಷಿಣದ ಪಾಪ್ ತಂಡ ಬಿಟಿಎಸ್ ಹುಡುಗರ ‘ಡೈನಮೈಟ್’ ಇತ್ತು, ‘ಬಟರ್’ ಇತ್ತು. ಎದುರಾಳಿಯ ಕೈಯಲ್ಲಿ ಅಣುಬಾಂಬ್ ಇದೆ, ನಮ್ಮ ಕೈಯಲ್ಲಿ ಬೆಣ್ಣೆ ಇದೆ ಅಂತ ಧೈರ್ಯವಾಗಿ ಎದೆ ತಟ್ಟಿದ ಸೇನೆ ಜಗತ್ತಿನಲ್ಲಿ ಇನ್ನೊಂದಿದ್ದರೆ ಹೇಳಿ.

‘ಬಟರ್’ ಯಾವುದು ಅಂತ ನಿಮಗೆ ವಿವರಿಸಬೇಕಿಲ್ಲ. 2021ರಲ್ಲಿ ಮನೆಯಲ್ಲಿ ಹೈಸ್ಕೂಲ್ ಮಕ್ಕಳಿದ್ದವರಿಗೆಲ್ಲ ಬಾಯಿಪಾಠ ಆಗಿದೆ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಟ್ಟು 10 ವಾರ ಮೊದಲ ಸ್ಥಾನದಲ್ಲಿತ್ತು. ಹಾಡು ಕೆಟ್ಟದ್ದೇನಲ್ಲ. ಮೂರು ನಿಮಿಷದೊಳಗೆ ಮುಗಿಯುತ್ತದೆ, ಬೇಡ ಅಂದರೂ ಕಾಲು ತಾಳ ಹಾಕುತ್ತದೆ. ಸಾರಾಂಶ ಇಷ್ಟೇ: ನಾವು ಬೆಣ್ಣೆಯಷ್ಟು ನುಣುಪು, ನೋಡಿದರೆ ನೀವು ಕರಗಿಹೋಗುತ್ತೀರಿ. ಇದನ್ನು ಹೊಟ್ಟೆಗೆ ಸರಿಯಾಗಿ ಇಲ್ಲದ ದೇಶದ ಕಡೆ ಮುಖ ಮಾಡಿ ಕೂಗಿ ಹೇಳಿದರು. ಅದೂ ಪೂರ್ತಿ ಇಂಗ್ಲಿಷಿನಲ್ಲಿ! ಹಾಡಿದ ಏಳೂ ಜನ ಕೊರಿಯಾದವರು, ಕೇಳಬೇಕಾದವರೂ ಕೊರಿಯಾದವರು, ನಡುವೆ ಇರುವುದು ಬರೀ 4 ಕಿ.ಮೀ. ಅಗಲದ ಗಡಿಪಟ್ಟಿ. ಆ ಕಡೆಯ ಕಾವಲು ಸೈನಿಕ ಮೊದಲು ಇಂಗ್ಲಿಷ್ ಕಲಿಯಬೇಕು, ಆಮೇಲೆ ಬೆಣ್ಣೆ ಅಂದರೆ ಏನು ಅಂತ ವಿಚಾರಿಸಬೇಕು, ಆಮೇಲೆ ಕಿಮ್ ಜಾಂಗ್ ಉನ್ ವಿರುದ್ಧ ದಂಗೆ ಏಳಬೇಕು. ಯೋಜನೆ ಚೆನ್ನಾಗಿದೆ, ಸ್ವಲ್ಪ ನಿಧಾನ.

ಜೊತೆಗೆ ಇನ್ನೊಂದು ತೊಡಕು. ದಕ್ಷಿಣದ ಹಾಡು, ಸಿನಿಮಾ ಕೇಳಿದವರನ್ನೂ ನೋಡಿದವರನ್ನೂ ವರ್ಷಗಟ್ಟಲೆ ಜೀತದ ಶಿಬಿರಕ್ಕೆ ತಳ್ಳುವ ಕಾನೂನನ್ನು ಉತ್ತರ ಕೊರಿಯಾ 2020ರಲ್ಲೇ ತಂದಿದೆ. ಕಣ್ಣಾದರೆ ಮುಚ್ಚಿಕೊಳ್ಳಬಹುದು. ಕಿವಿಗೆ ರೆಪ್ಪೆ ಎಲ್ಲಿದೆ? ಪಾಪ, ಡ್ಯೂಟಿ ಮೇಲಿದ್ದವನು ಸುಮ್ನೆ ನಿಂತಿದ್ದಕ್ಕೇ ಅಪರಾಧಿ.

ಬಾಯ್ ಬ್ಯಾಂಡನ್ನು ಯುದ್ಧಕ್ಕೆ ಕಳಿಸಿದ್ದು ಇದೇ ಮೊದಲೂ ಅಲ್ಲ. 2016ರ ಜನವರಿಯಲ್ಲಿ ಕಿಮ್ ಅಣುಪರೀಕ್ಷೆ ಮಾಡಿದ. ಎರಡೇ ದಿನದಲ್ಲಿ, ಸರಿಯಾಗಿ ಅವನ ಹುಟ್ಟುಹಬ್ಬದ ದಿನ, ಗಡಿಯಲ್ಲಿ ಸ್ಪೀಕರ್ ಶುರುವಾಯಿತು. ಬಿಗ್‌ಬ್ಯಾಂಗ್ ಹುಡುಗರ ‘ಬ್ಯಾಂಗ್ ಬ್ಯಾಂಗ್ ಬ್ಯಾಂಗ್’ ಕೂಡ ಹಾಡುಗಳ ಪಟ್ಟಿಯಲ್ಲಿತ್ತು. ಅವನದು ಒಂದು ಬಾಂಬ್, ಇವರದು ಮೂರು ಬ್ಯಾಂಗ್. ಲೆಕ್ಕದಲ್ಲಿ ದಕ್ಷಿಣದವರೇ ಮುಂದೆ.

ಆ ವರ್ಷ ಹೊಸ ಸ್ಪೀಕರ್‌ಗಳನ್ನೂ ಖರೀದಿಸಿದರು. ಈ ಖರೀದಿ ಕಥೆಯನ್ನು ನಮ್ಮ ಕಡೆಯ ಗುತ್ತಿಗೆದಾರರು ಕೈಮುಗಿದು ಕೇಳಬೇಕು. ಸದ್ದು 10 ಕಿ.ಮೀ. ದೂರಕ್ಕೆ ಸ್ಪಷ್ಟವಾಗಿ ಕೇಳಬೇಕು ಅನ್ನುವುದು ಸೇನೆಯ ಷರತ್ತು. ಪರೀಕ್ಷೆ ಮಾಡಿದರೆ 7 ಕಿ.ಮೀ. ದಾಟಲಿಲ್ಲ. ಆದರೂ ಪಾಸಾಯಿತು. 2018ರಲ್ಲಿ ಸೇನಾಧಿಕಾರಿಗಳ ಮೇಲೂ ವ್ಯಾಪಾರಿಗಳ ಮೇಲೂ ಅಕ್ರಮದ ಕೇಸು ಬಿತ್ತು. ಸೇತುವೆಯಲ್ಲಿ ಸಿಮೆಂಟ್ ನುಂಗಿದ್ದು ನೋಡಿದ್ದೇವೆ, ರಸ್ತೆಯಲ್ಲಿ ಟಾರು ನುಂಗಿದ್ದು ನೋಡಿದ್ದೇವೆ. ಸದ್ದಿನಲ್ಲೂ 3 ಕಿ.ಮೀ. ನುಂಗಬಹುದು ಅಂತ ನಮ್ಮಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಕೊರಿಯಾ ಮುಂದುವರಿದ ದೇಶ ಅನ್ನುವುದು ಸುಮ್ಮನೆ ಅಲ್ಲ.

ಇನ್ನು ‘ಬಟರ್’ ಹಾಡಿದ ಹುಡುಗರ ವಿಷಯ. ಒಲಿಂಪಿಕ್ಸ್‌ನಲ್ಲಿ ಯಾವ ಪದಕ ಗೆದ್ದರೂ, ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರೂ ಅಲ್ಲಿ ಕಡ್ಡಾಯ ಸೇನಾ ಸೇವೆಯಿಂದ ಬಿಡುಗಡೆ. ಪಿಯಾನೊ ಸ್ಪರ್ಧೆಯಲ್ಲಿ ಗೆದ್ದರೂ ಆದೀತು. ಬಿಲ್‌ಬೋರ್ಡ್ ಗೆದ್ದರೆ ಮಾತ್ರ ಇಲ್ಲ. ಇದರ ಮೇಲೆ ವರ್ಷಗಟ್ಟಲೆ ಜಗಳ. 2022ರಲ್ಲಿ ರಕ್ಷಣಾ ಸಚಿವರು ಜನಾಭಿಪ್ರಾಯ ಸಮೀಕ್ಷೆ ಮಾಡೋಣ ಅಂದರು, ಜನ ಬೈದ ಮೇಲೆ ಸಮೀಕ್ಷೆಯಿಂದಲೇ ತೀರ್ಮಾನ ಆಗುವುದಿಲ್ಲ ಅಂತ ಸಚಿವಾಲಯ ರಾಗ ಬದಲಿಸಿತು. ಬುಸಾನ್ ಮೇಯರ್ ಇನ್ನೂ ಚುರುಕು. ನಮ್ಮ ಊರಿಗೆ 2030ರ ವಿಶ್ವ ಎಕ್ಸ್‌ಪೊ ತರುವುದಕ್ಕೆ ಈ ಹುಡುಗರು ದುಡಿಯಲಿ, ಅದನ್ನೇ ಸೇನಾ ಸೇವೆ ಅಂತ ಲೆಕ್ಕ ಹಿಡಿಯಿರಿ ಅಂದರು. ಹುಡುಗರು ಬುಸಾನ್‌ಗೆ ಬಂದು ಪುಕ್ಕಟೆ ಸಂಗೀತ ಕಛೇರಿ ಕೊಟ್ಟರು. ಎರಡು ದಿನ ಬಿಟ್ಟು ಎಲ್ಲರೂ ಸೇನೆಗೆ ಹೋಗುತ್ತಾರೆ ಅಂತ ಅವರ ಕಂಪನಿಯೇ ಪ್ರಕಟಿಸಿತು. ಎಕ್ಸ್‌ಪೊ ಏನಾಯಿತು ಅಂದಿರಾ? ಸೌದಿಯ ರಿಯಾದ್‌ಗೆ 119 ವೋಟು, ಬುಸಾನ್‌ಗೆ 29.

ಅಂತೂ ಹುಡುಗರು ತಲೆ ಬೋಳಿಸಿಕೊಂಡು ಹೋದರು. ಹಿರಿಯವ ಜಿನ್‌ಗೆ ಗಡಿಗೆ ತಾಗಿಕೊಂಡಿರುವ ಯೊಂಚನ್‌ನಲ್ಲಿ ಡ್ಯೂಟಿ. ಕಿರಿಯವ ಜಂಗ್‌ಕುಕ್‌ಗೂ ಅದೇ ಡಿವಿಷನ್, ಅಡುಗೆಮನೆಯಲ್ಲಿ. ಬೆಣ್ಣೆ ಹಾಡಿದವನು ಸೌಟು ಹಿಡಿದು ಸೈನಿಕರಿಗೆ ಅಡುಗೆ ಮಾಡುತ್ತಿದ್ದ, ಅವನ ದನಿ ಗಡಿಯ ಸ್ಪೀಕರಿನಲ್ಲಿ ಯುದ್ಧ ಮಾಡುತ್ತಿತ್ತು. ಒಬ್ಬನೇ ಮನುಷ್ಯನಿಂದ ಸರ್ಕಾರ ಎರಡು ಡ್ಯೂಟಿ ತೆಗೆಯಿತು, ಸಂಬಳ ಒಂದೇ. ಇದನ್ನು ನೋಡಿ ಕಲಿಯಿರಿ ಅಂತ ನಮ್ಮ ಐಟಿ ಕಂಪನಿಗಳಿಗೆ ಹೇಳಬೇಕಿಲ್ಲ, ಅವರಿಗೆ ಮೊದಲೇ ಗೊತ್ತು.

ಉತ್ತರದವರ ಬಲೂನನ್ನು ಬಿಚ್ಚಿ ನೋಡಿದ ವರದಿ ಓದಿದ್ದೀರಲ್ಲ? ಸಿಗರೇಟ್ ತುಂಡು, ಹರಿದ ಕಾಗದ, ಗೊಬ್ಬರದ ಮಣ್ಣು, ಮಣ್ಣಿನಲ್ಲಿ ಜಂತುಹುಳು. ಹಲೋ ಕಿಟ್ಟಿ, ಮಿಕ್ಕಿ ಮೌಸ್ ಚಿತ್ರದ ನಕಲಿ ಬಟ್ಟೆ. ಹಿಂದೆ ದಕ್ಷಿಣದ ಕಂಪನಿಯೊಂದು ದಾನ ಕೊಟ್ಟಿದ್ದ ಬಟ್ಟೆಯನ್ನೇ ಕತ್ತರಿಯಿಂದ ಕತ್ತರಿಸಿ ವಾಪಸ್ ಕಳಿಸಿದ್ದರು. ಕತ್ತರಿ ಹಿಡಿದು ಕೂತು ಅಷ್ಟನ್ನೂ ಚಿಂದಿ ಮಾಡಿದವನ ಶ್ರದ್ಧೆ ನೋಡಿ. ಕಿಮ್‌ನ ತಂಗಿ ಅದನ್ನು ಮನಃಪೂರ್ವಕ ಉಡುಗೊರೆ ಅಂತ ಕರೆದಳು.

ನಗಾಡುವುದು ಇಲ್ಲಿಗೆ ಸಾಕು.

2024ರ ಜುಲೈನಿಂದ ದಕ್ಷಿಣದ ಸ್ಪೀಕರ್ ದಿನಾ ಕೂಗಿತು. ಉತ್ತರದವರೂ ಸ್ಪೀಕರ್ ಹಚ್ಚಿದರು. ಹಾಡು ಅಲ್ಲ. ತಗಡು ಕೆರೆಯುವ ಸದ್ದು, ತೋಳ ಊಳಿಡುವ ಸದ್ದು, ದೆವ್ವ ಅತ್ತ ಹಾಗೆ ಸದ್ದು. ರಾತ್ರಿಯೆಲ್ಲ. ಅದು ಯಾವ ಸೇನಾಧಿಕಾರಿಯ ಮನೆಗೂ ಕೇಳಲಿಲ್ಲ, ಯಾವ ಮಂತ್ರಿಗೂ ಕೇಳಲಿಲ್ಲ. ಗಡಿ ಪಕ್ಕದ, ದಕ್ಷಿಣದ್ದೇ ಆದ ಗಂಗ್ವಾ ದ್ವೀಪದಲ್ಲಿ ಹೊಲ ಮಾಡಿಕೊಂಡಿದ್ದ ವಯಸ್ಸಾದವರಿಗೆ ಕೇಳಿಸಿತು. ನಿದ್ದೆ ಮಾತ್ರೆ ನುಂಗಿದರು. ಕಿಟಕಿಗೆ ಹೊದಿಕೆ ಬಿಗಿದರು. ಅಕ್ಟೋಬರ್‌ನಲ್ಲಿ ಅಲ್ಲಿಯ ಹೆಂಗಸೊಬ್ಬರು ಸಂಸತ್ತಿನ ಸಮಿತಿ ಎದುರು ಮಂಡಿಯೂರಿ ಅತ್ತರು. ಅಷ್ಟಾದ ಮೇಲೂ ‘ಮನೋಯುದ್ಧ’ ನಿಲ್ಲಲಿಲ್ಲ. ಯಾರ ಮನಸ್ಸಿನ ಮೇಲೆ ಯುದ್ಧ ಮಾಡಿದಿರಿ ಸ್ವಾಮಿ? ನಿಮ್ಮದೇ ಊರಿನ ಅಜ್ಜಿಯ ಮೇಲೆ?

ಸರ್ಕಾರ ಬದಲಾಯಿತು. 2025ರ ಜೂನ್ 11ರಂದು ಸ್ಪೀಕರ್ ಬಂದ್. ಜಂಗ್‌ಕುಕ್, ಜಿಮಿನ್ ಸೇನೆಯಿಂದ ಬಿಡುಗಡೆಯಾದದ್ದೂ ಅದೇ ದಿನ. ಮರುದಿನ ಉತ್ತರದ ಊಳೂ ನಿಂತಿತು. ಒಂದು ಸ್ವಿಚ್ ಒತ್ತುವುದಕ್ಕೆ ಹನ್ನೊಂದು ತಿಂಗಳು ಬೇಕಾಯಿತು.

ಆಗಸ್ಟ್‌ನಲ್ಲಿ ದಕ್ಷಿಣದವರು ಸ್ಪೀಕರ್ ಕಳಚಿದರು. ಆ ಕಡೆಯವರೂ ಕೆಲವು ಕಡೆ ಕಳಚುತ್ತಿದ್ದಾರೆ ಅಂತ ಇವರ ಸೇನೆ ಖುಷಿಯಿಂದ ಹೇಳಿತು. ನಾವು ಕಳಚಿಯೇ ಇಲ್ಲ, ಕಳಚುವ ಮನಸ್ಸೂ ಇಲ್ಲ ಅಂತ ಕಿಮ್‌ನ ತಂಗಿ ಮರುವಾರ ಹೇಳಿಕೆ ಕೊಟ್ಟಳು. ಹಗಲೂ ರಾತ್ರಿ ದುರ್ಬೀನು ಹಿಡಿದು ಒಬ್ಬರನ್ನೊಬ್ಬರು ಕಾಯುವ ಎರಡು ಸೇನೆಗಳಿವೆ, ಎದುರಿಗೆ ಸ್ಪೀಕರ್ ಇದೆಯೋ ಇಲ್ಲವೋ ಅನ್ನುವುದರಲ್ಲೇ ಒಮ್ಮತ ಇಲ್ಲ. ಇವರ ಕೈಯಲ್ಲಿ ಕ್ಷಿಪಣಿಗಳೂ ಇವೆ.