ಅಡಿಕೆ ಗಾತ್ರದ ಬೆಲ್ಲ

ಮನೆತನದ ಹಳೆಯ ಅಡುಗೆಗಳನ್ನೆಲ್ಲ ಒಂದು ಕಡೆ ಬರೆದಿಡಬೇಕು ಎಂಬ ಆಸೆ ಯಾರಿಗಾದರೂ ಹುಟ್ಟಿದರೆ, ಮೊದಲು ನೆಂಟರಲ್ಲಿ ಯಾರ್ಯಾರ ಜೊತೆ ಮಾತು ಬಿಡಲು ತಯಾರಿದ್ದೀರಿ ಅಂತ ಒಂದು ಪಟ್ಟಿ ಮಾಡಿಕೊಳ್ಳಿ. ನೋಟ್‌ಬುಕ್ಕು ಆಮೇಲೆ ಕೊಂಡರೂ ನಡೆಯುತ್ತದೆ.

ನಮ್ಮ ಮೂಲ ಮನೆ ಹೊಸನಗರದ ಕಡೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಸಿಕೊಳ್ಳುವ ಆಗುಂಬೆಗೆ ಪೈಪೋಟಿ ಕೊಡುವ ಹುಲಿಕಲ್ಲು ಇರುವುದು ನಮ್ಮ ತಾಲ್ಲೂಕಿನಲ್ಲೇ. ಅಂಥ ಮಳೆಯಲ್ಲಿ ಹೊರಗೆ ಹೋಗಲಾಗದೆ ಒಳಗೆ ಕೂತ ಜನ ಮಾಡುವ ಕೆಲಸ ಎರಡು: ತಿನ್ನುವುದು, ಮತ್ತು ಮುಂದಿನ ಹೊತ್ತಿಗೆ ಎಂತ ತಿನ್ನುವುದು ಅಂತ ಚರ್ಚೆ ಮಾಡುವುದು. ಹಾಗಾಗಿ ತಂಬುಳಿ, ಅಪ್ಪೆಹುಳಿ, ಪತ್ರೊಡೆ, ಕಳಲೆ ಪಲ್ಯ, ಕೊಟ್ಟೆಕಡುಬು, ಹಲಸಿನ ಹಪ್ಪಳ ಎಂದು ನಮ್ಮಲ್ಲಿ ಬರೆದಿಡಲಿಕ್ಕೆ ಸರಕಿಗೇನೂ ಬರವಿಲ್ಲ. ಅಜ್ಜಿ ಹೋದ ಮೇಲೆ ಇವೆಲ್ಲ ಒಂದೊಂದಾಗಿ ಕೈತಪ್ಪಿ ಹೋಗುತ್ತವೆ ಅಂತ ನನಗೆ ದಿಗಿಲಾಯಿತು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತು ದಪ್ಪ ರಟ್ಟಿನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ‘ಶ್ರೀ’ ಬರೆದು, ಅಮ್ಮನಿಗೆ ಫೋನು ಹಚ್ಚಿದೆ.

"ಅಮ್ಮಾ, ದೊಡ್ಡಪತ್ರೆ ತಂಬುಳಿ ಹೇಳು, ಬರ್ಕೊಳ್ತೇನೆ."

"ಅದರಲ್ಲಿ ಬರ್ಕೊಳ್ಳೋಕೆ ಎಂತ ಉಂಟು ಮಾರಾಯಾ? ನಾಕು ಎಲೆ ತುಪ್ಪದಲ್ಲಿ ಬಾಡ್ಸು, ಕಾಯಿ ಹಾಕಿ ಅರಿ, ಮಜ್ಜಿಗೆ ಹೊಯ್ಯಿ. ಆಯ್ತು."

"ನಾಕು ಅಂದ್ರೆ ನಾಕೇನಾ?"

"ನಾಕೇ ಎಲೆ ಯಾರ ಬಾಯಿಗೆ ಸಾಕಾಗ್ತದೆ? ಒಂದು ಮುಷ್ಟಿ ಹಾಕು."

"ಜೀರಿಗೆ?"

"ನಾಕು ಕಾಳು."

ಈ ನಾಲ್ಕು ನಿಜವಾದ ನಾಲ್ಕೋ, ಎಲೆಯ ನಾಲ್ಕೋ ಅಂತ ಕೇಳುವ ಧೈರ್ಯ ಬರಲಿಲ್ಲ. ಬೆಲ್ಲಕ್ಕೆ ಬಂದೆ.

"ಒಂದು ಅಡಿಕೆ ಗಾತ್ರದ್ದು."

ಬಯಲುಸೀಮೆಯವರಾಗಿದ್ದರೆ ಇಷ್ಟಕ್ಕೆ ಸುಮ್ಮನಾಗುತ್ತಿದ್ದರೇನೋ. ಅಡಿಕೆ ತೋಟದಲ್ಲಿ ಬೆಳೆದವನಿಗೆ ಇಲ್ಲೇ ಇರುವುದು ತೊಡಕು. ಸಿಪ್ಪೆ ಸಮೇತದ ಹಸಿ ಅಡಿಕೆಯೋ, ಸುಲಿದದ್ದೋ, ಬೇಯಿಸಿ ಒಣಗಿಸಿದ ಕೆಂಪಡಿಕೆಯೋ, ಬೇಯಿಸದೆ ಬಿಸಿಲಲ್ಲಿ ಒಣಗಿಸಿದ ಚಾಲಿಯೋ? ಒಂದಕ್ಕೂ ಇನ್ನೊಂದಕ್ಕೂ ಗಾತ್ರದಲ್ಲಿ ಅಜಗಜಾಂತರ. ಕೇಳಿಯೇ ಬಿಟ್ಟೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಮ್ಮ, "ನೀನು ಕೇಳ್ತಾ ಇರೋದು ತಂಬುಳಿಗಾ, ಅಡಿಕೆ ಮಂಡಿಗೆ ಹಾಕೋಕಾ?" ಅಂದಳು.

ವಿಡಿಯೋ ಕಾಲ್ ಮಾಡಿದರೆ ಕಣ್ಣಾರೆ ನೋಡಿ ಬರೆದುಕೊಳ್ಳಬಹುದಲ್ಲ ಎಂಬ ಉಪಾಯ ಹೆಂಡತಿಯದು. ಅಮ್ಮ ಫೋನನ್ನು ಉಪ್ಪಿನ ಮರಿಗೆಗೆ ಒರಗಿಸಿಟ್ಟು ಶುರು ಮಾಡಿದಳು. "ನೋಡು, ಇಷ್ಟು ಕಾಯಿತುರಿ. ಕಾಣ್ತದಾ? ಬೆಲ್ಲ ಇಷ್ಟು." ನನಗೆ ಕಾಣುತ್ತಿದ್ದದ್ದು ಹೊಗೆ ಹಿಡಿದ ಜಂತಿ, ಮಾಡಿನ ಹಂಚು, ಅದರ ಸಂದಿಯಲ್ಲಿ ಒಂದು ಹಲ್ಲಿ. "ಕಾಣ್ತದೆ" ಅಂದೆ. ಇಲ್ಲ ಅಂದರೆ ಫೋನನ್ನು ತಿರುಗಿಸಲು ಹೋಗಿ ಅದು ಸೀದಾ ಮಜ್ಜಿಗೆಗೇ ಬೀಳುವ ಅಪಾಯವಿತ್ತು. ನೋಟ್‌ಬುಕ್ಕಿನಲ್ಲಿ ಇವತ್ತಿಗೂ ಹಾಗೇ ಇದೆ: ‘ಬೆಲ್ಲ – ಇಷ್ಟು.’

ಅಳತೆಯ ವಿಷಯದಲ್ಲಿ ಅಮ್ಮನನ್ನು ದೂರಿ ಪ್ರಯೋಜನವಿಲ್ಲ. ದೇಶಕ್ಕೆ ಕೆಜಿ, ಲೀಟರುಗಳು 1958ರಲ್ಲಿ ಬರಲಾರಂಭಿಸಿ, 1962ರ ಹೊತ್ತಿಗೆ ಸೇರು, ಪಾವು, ಚಟಾಕುಗಳಿಗೆ ಕಾನೂನಿನ ಲೆಕ್ಕದಲ್ಲಿ ತಿಥಿಯೂ ಆಗಿಹೋಯಿತು. ನಮ್ಮ ಅಡುಗೆಮನೆಗೆ ಆ ಗೆಜೆಟ್ಟು ಇನ್ನೂ ತಲುಪಿಲ್ಲ. ಅಕ್ಕಿ ಇವತ್ತಿಗೂ ಪಾವಿನಲ್ಲಿ, ಉಪ್ಪು ಕೈಯಲ್ಲಿ, ಹುಳಿ ನಾಲಿಗೆಯಲ್ಲಿ. ಹೆಂಡತಿಯ ಊರು ಧಾರವಾಡ. ಅವರಮ್ಮನ ಹತ್ತಿರ ಆ ಕಡೆಯ ಗೋಧಿಯ ಸಿಹಿ ಮಾದಲಿ ಬರೆಸಿಕೊಳ್ಳಲು ಹೋದಾಗಲೂ ಕಥೆ ಬೇರೆಯಾಗಲಿಲ್ಲ. "ಅಂದಾಜ್ ಮ್ಯಾಲ ಹಾಕ್ರಿ, ಅಳಿಯಂದ್ರ" ಅಂದರು. ಅಂದಾಜು ನನಗೆ ಇದ್ದಿದ್ದರೆ ಅವರನ್ನು ಯಾಕೆ ಕೇಳುತ್ತಿದ್ದೆ?

ಅಂತೂ ತಂಬುಳಿ ಮಾಡಿದೆ. ಒರಳಿನಲ್ಲಿ ಆಗಬೇಕಾದ ಕೆಲಸವನ್ನು ಮಿಕ್ಸಿಗೆ ವಹಿಸಿದ್ದರಿಂದ ಅದು ಬಿಸಿಬಿಸಿಯಾಗಿ ಹೊರಬಂತು. ಮಜ್ಜಿಗೆ ಬೆರೆಸಿ, ಒಗ್ಗರಣೆ ಕೊಟ್ಟು ಬಡಿಸಿದೆ. ಹೆಂಡತಿ ತಟ್ಟೆಯಲ್ಲಿ ಹರಿಯುತ್ತಿದ್ದ ಹಸಿರನ್ನು ಒಂದು ಬೆರಳಲ್ಲಿ ಮುಟ್ಟಿ ನೋಡಿ, "ಏನ್ರಿ ಇದು, ಕಣ್ಣಿಗೆ ಕಂಡ ತಪ್ಪಲಾ ಎಲ್ಲಾ ರುಬ್ಬಿ ಮಜ್ಜಿಗ್ಯಾಗ ಹಾಕೀರಿ? ನಮ್ಮ ಕಡೆ ಇಷ್ಟು ತಪ್ಪಲಾ ಎಮ್ಮಿಗೆ ಹಾಕಿದ್ರ ಹಾಲರೆ ಕೊಡ್ತಿತ್ತು" ಅಂದಳು. ಶೇಂಗಾ ಹಿಂಡಿ ಇಲ್ಲದೆ ತುತ್ತು ಎತ್ತದವರ ಟೀಕೆಯನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಕಳಲೆಯ ಪ್ರಸಂಗವನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ, ಅಪಾರ್ಟ್‌ಮೆಂಟಿನವರಲ್ಲಿ ಯಾರಾದರೂ ಓದಿಯಾರು. ಎಳೆ ಬಿದಿರಿನಲ್ಲಿ ಸಯನೈಡು ಹುಟ್ಟಿಸುವ ಅಂಶವೊಂದಿರುತ್ತದೆ. ಹೆಚ್ಚಿದ ಕಳಲೆಯನ್ನು ಮೂರು ದಿನ ನೀರಲ್ಲಿಟ್ಟು, ದಿನಾ ನೀರು ಬದಲಿಸಿ, ಆಮೇಲೆ ಬೇಯಿಸಬೇಕು ಎಂಬ ನಿಯಮವನ್ನು ನಮ್ಮ ಹಿರಿಯರು ರಸಾಯನಶಾಸ್ತ್ರ ಓದದೆಯೇ ಮಾಡಿಟ್ಟಿದ್ದಾರೆ. ಆ ಮೂರು ದಿನ ಬಕೆಟ್ಟಿನಿಂದ ಏಳುವ ವಾಸನೆಯ ಬಗ್ಗೆ ಮಾತ್ರ ಅವರು ಏನೂ ಹೇಳಿಲ್ಲ. ತೋಟದ ಮನೆಯಲ್ಲಿ ಹೇಳುವ ಅಗತ್ಯವೂ ಇರಲಿಲ್ಲವೆನ್ನಿ. ಎರಡನೇ ದಿನ ಸಂಜೆ ಎದುರು ಮನೆಯವರು ಗ್ಯಾಸ್ ಲೀಕಾಗಿದೆ ಅಂತ ಇಡೀ ಮಹಡಿಯ ಮೇನ್ ಸ್ವಿಚ್ಚು ಆಫ್ ಮಾಡಿಸಿದರು. ಸೆಕ್ಯುರಿಟಿಯವನು ಮೂಗನ್ನೇ ಮುಂದೆ ಮಾಡಿಕೊಂಡು ಮನೆಮನೆ ಹುಡುಕುತ್ತ ಬರುವಷ್ಟರಲ್ಲಿ ಬಕೆಟ್ಟು ಟೆರೇಸು ಸೇರಿತ್ತು. "ಇಲ್ಲಪ್ಪ, ನಮ್ಮಲ್ಲಿ ಏನೂ ಇಲ್ಲ" ಅಂದದ್ದು ಅಕ್ಷರಶಃ ಸತ್ಯ.

ಪತ್ರೊಡೆಯ ಕಥೆಯನ್ನು ಹಾಗೆ ಹಾರಿಸಿ ಹೋಗುವಂತಿಲ್ಲ.

ನಮ್ಮಲ್ಲಿ ಪತ್ರೊಡೆಗೆ ಮರಕೆಸುವೇ ಆಗಬೇಕು. ಮಳೆಗಾಲದಲ್ಲಿ ಪಾಚಿ ಹಿಡಿದ ಮರಗಳ ಮೈಮೇಲೆ ಬೆಳೆಯುವ ಕೆಸು ಅದು. ಬೆಂಗಳೂರಿನಲ್ಲಿ ಮರಗಳೇ ಕಡಿಮೆ, ಪಾಚಿ ಇರುವುದು ಸಂಪಿನಲ್ಲಿ ಮಾತ್ರ. ಗಾಂಧಿ ಬಜಾರಿನಲ್ಲಿ ಒಂದು ಸುತ್ತು ಹಾಕಿ ಬರಿಗೈಯಲ್ಲಿ ಬಂದವನಿಗೆ, ನಮ್ಮ ಬೀದಿಯ ಕೊನೆಯ ಖಾಲಿ ಸೈಟಿನ ಮೋರಿ ಪಕ್ಕ ಆನೆಯ ಕಿವಿಯಷ್ಟಗಲದ ಕೆಸುವಿನೆಲೆಗಳು ಕಣ್ಣಿಗೆ ಬಿದ್ದವು. ದುಡ್ಡು ಕೊಡುವ ಹಾಗಿಲ್ಲ, ಚೌಕಾಸಿ ಇಲ್ಲ. ಕೊಯ್ದು ತಂದೆ.

ಅಕ್ಕಿ ನೆನೆಸಿ, ಕೊತ್ತಂಬರಿ, ಜೀರಿಗೆ, ಒಣಮೆಣಸು, ಕಾಯಿ, ಬೆಲ್ಲ, ಹುಣಸೆಹಣ್ಣು ಸೇರಿಸಿ ಗಟ್ಟಿಯಾಗಿ ರುಬ್ಬಿದೆ. ಎಲೆಯ ಬೆನ್ನಿನ ದಪ್ಪ ನರವನ್ನು ಚಾಕುವಿನಿಂದ ಸವರಿ ತೆಗೆದು, ಎಲೆಯನ್ನು ಬೋರಲು ಹಾಕಿ ಹಿಟ್ಟು ಬಳಿದು, ಅದರ ಮೇಲೆ ಇನ್ನೊಂದು ಎಲೆ, ಮತ್ತೆ ಹಿಟ್ಟು, ಹೀಗೆ ಪೇರಿಸಿ ಎರಡೂ ಪಕ್ಕ ಮಡಚಿ ಸುರುಳಿ ಸುತ್ತಿ ಹಬೆಗೆ ಇಟ್ಟೆ. ಬೆಂದ ಸುರುಳಿಯನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿದರೆ ಒಳಗೆ ಹಸಿರು ಗೆರೆಗಳು ಸುತ್ತು ಸುತ್ತಾಗಿ ಎಷ್ಟು ಚೆಂದ ಬಂದಿದ್ದವೆಂದರೆ, ಫೋಟೋ ತೆಗೆದು ಊರಿಗೆಲ್ಲ ಕಳಿಸಿದೆ. ಕಾವಲಿ ಮೇಲೆ ತೆಂಗಿನೆಣ್ಣೆ ಬಿಟ್ಟು ಎರಡೂ ಕಡೆ ಕೆಂಪಗೆ ಮಾಡಿ ಬಡಿಸಿದೆ.

ಅವತ್ತು ಊಟಕ್ಕೆ ಅಕ್ಕ, ಭಾವ ಬಂದಿದ್ದರು. ಭಾವ ಬಂದರೆಂದರೆ ಬೇರೆ ಯಾರೂ ಬಾಯಿ ತೆರೆಯಬೇಕಾಗಿಲ್ಲ. ಯಾವ ಬಡಾವಣೆಯಲ್ಲಿ ಸೈಟಿಗೆ ಯಾವ ವರ್ಷ ಎಷ್ಟು ರೇಟಿತ್ತು, ತಾವು ಅದನ್ನು ಹೇಗೆ ಬಿಟ್ಟುಕೊಟ್ಟರು ಅಂತ ಊಟದುದ್ದಕ್ಕೂ ಹೇಳುತ್ತಿರುತ್ತಾರೆ. ಅವತ್ತೂ ಕೆಂಗೇರಿಯಿಂದ ಹೊರಟವರು ಎರಡನೇ ಬಿಲ್ಲೆಯ ಹೊತ್ತಿಗೆ ರಾಜರಾಜೇಶ್ವರಿ ನಗರಕ್ಕೆ ಬಂದಿದ್ದರು. ಅಲ್ಲಿಂದ ಮುಂದೆ ಬರಲಿಲ್ಲ. ಬಾಯಿ ತೆರೆದೇ ಇತ್ತು, ಸ್ವರ ಬರಲಿಲ್ಲ. ಒಂದು ಕೈ ಗಂಟಲಿಗೆ ಹೋಯಿತು, ಇನ್ನೊಂದು ನೀರಿನ ಲೋಟಕ್ಕೆ.

ಕೆಸುವಿನೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ನಾಲಿಗೆ, ಗಂಟಲಿಗೆ ಅವು ಚುಚ್ಚಿದಾಗ ಆಗುವುದೇ ತುರಿಕೆ. ಹಿಟ್ಟಿಗೆ ಹುಣಸೆಹಣ್ಣು ಧಾರಾಳವಾಗಿ ಹಾಕುವುದು, ಹಬೆಯಲ್ಲಿ ಬಹಳ ಹೊತ್ತು ಬೇಯಿಸುವುದು ಅದಕ್ಕೇ. ಅಮ್ಮ ‘ನಿಂಬೆಹಣ್ಣಿನ ಗಾತ್ರ’ ಅಂತ ಹೇಳಿದ್ದ ಹುಣಸೆಹಣ್ಣನ್ನು ನಾನು ಅದೇ ಗಾತ್ರಕ್ಕೆ ಹಾಕಿದ್ದೆ. ಊರಿನ ನಿಂಬೆಹಣ್ಣಿಗೂ, ಸೂಪರ್‌ಮಾರ್ಕೆಟ್ಟಿನಲ್ಲಿ ಜಾಲರಿ ಚೀಲಕ್ಕೆ ಕಟ್ಟಿ ಮಾರುವ ಗೋಲಿ ಗಾತ್ರದ್ದಕ್ಕೂ ಇರುವ ವ್ಯತ್ಯಾಸಕ್ಕೆ ಯಾರು ಜವಾಬ್ದಾರರು?

ಹೆಂಡತಿ ಓಡಿಹೋಗಿ ಹುಣಸೆ ನೀರು, ಬೆಲ್ಲ, ತುಪ್ಪ ಎಲ್ಲ ತಂದಿಟ್ಟಳು. ಭಾವ ಒಂದೊಂದೇ ನುಂಗುತ್ತ ಕೂತರು. ಸಂಜೆವರೆಗೂ ಮನೆಯಲ್ಲಿ ರಿಯಲ್ ಎಸ್ಟೇಟಿನ ಸುದ್ದಿಯೇ ಇಲ್ಲ. ಅಕ್ಕ ಹೊರಡುವಾಗ ನನ್ನನ್ನು ಬಾಗಿಲ ಮರೆಗೆ ಕರೆದು, "ಆ ಎಲೆ ಎಲ್ಲಿ ಸಿಗ್ತದೆ ಅಂದೆ?" ಅಂತ ಮೆಲ್ಲಗೆ ಕೇಳಿದಳು.

ಪಾಕ ಬರೆದಿಡುವ ಹುಚ್ಚು ನನಗೊಬ್ಬನಿಗೇ ಹತ್ತಿದ್ದಲ್ಲ. 1025ರ ಸುಮಾರಿಗೇ ಇಮ್ಮಡಿ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಅಡುಗೆಗೆ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಅದೇ ಗ್ರಂಥದಲ್ಲಿ ವಿಷವೈದ್ಯಕ್ಕೂ ಒಂದು ಅಧ್ಯಾಯವಿದೆ. ಎಷ್ಟು ಮುಂದಾಲೋಚನೆ! ಅವನ ಭಾವನೂ ಊಟಕ್ಕೆ ಬರುತ್ತಿದ್ದಿರಬೇಕು.

ಕಳಿಸಿದ ಪತ್ರೊಡೆ ಫೋಟೋದಿಂದಾಗಿ ನಮ್ಮ ಕುಟುಂಬದ ವಾಟ್ಸಾಪ್ ಗುಂಪು ಮೈಕೊಡವಿ ಎದ್ದು ಕೂತಿತು. ಅಲ್ಲಿಯವರೆಗೆ ಗುಲಾಬಿ ಹೂವಿನ ಶುಭೋದಯ ಬಿಟ್ಟರೆ ಏನೂ ಬರುತ್ತಿರಲಿಲ್ಲ. ಸಿಕ್ಕಿದ್ದೇ ಸಮಯ ಅಂತ ನಾನು ಅಜ್ಜಿಯ ಅಪ್ಪೆಹುಳಿ ಹೇಗೆ ಅಂತ ಕೇಳಿದೆ. ಶರಾವತಿ ದಂಡೆಯ ಅಪ್ಪೆಮಿಡಿ ಮಾವಿಗೆ ಈಗ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅಪ್ಪೆಹುಳಿಗೆ ಮಾತ್ರ ನಮ್ಮ ಮನೆತನದೊಳಗೇ ಮಾನ್ಯತೆ ಸಿಗಲಿಲ್ಲ. ಬೆಂದ ಮಾವಿನಕಾಯಿಯನ್ನು ಕಿವುಚಿ, ನೀರು ಧಾರಾಳವಾಗಿ ಬಿಟ್ಟು, ತೆಂಗಿನೆಣ್ಣೆಯಲ್ಲಿ ಸಾಸಿವೆ, ಇಂಗು, ಮೆಣಸಿನ ಒಗ್ಗರಣೆ ಹಾಕಿ ಲೋಟಗಟ್ಟಲೆ ಕುಡಿಯುವುದು ಎಂಬಲ್ಲಿಗೆ ಒಮ್ಮತವಿತ್ತು. ಸೂಜಿಮೆಣಸು ಅಂತ ದೊಡ್ಡಪ್ಪನ ಮಕ್ಕಳು, ಒಣಮೆಣಸು ಅಂತ ನಾವು. ಬೆಲ್ಲ ಹಾಕುತ್ತಿದ್ದಳು ಅಂತ ಚಿಕ್ಕಮ್ಮ. "ಅಪ್ಪೆಹುಳಿಗೆ ಬೆಲ್ಲವಾ? ಯಾರ ಮನೆ ಪದ್ಧತಿ ಅದು?" ಅಂತ ದೊಡ್ಡಮ್ಮ. ಚಿಕ್ಕಮ್ಮ ಗುಂಪು ಬಿಟ್ಟರು. ಮತ್ತೆ ಸೇರಿಸಲಾಯಿತು. ಮತ್ತೆ ಬಿಟ್ಟರು. ಶಿವಮೊಗ್ಗದ ಮಾವ ಒಂದು ಉದ್ದದ ಧ್ವನಿ ಸಂದೇಶ ಕಳಿಸಿದರು. ಅದರಲ್ಲಿ ಮಾವಿನಕಾಯಿ ಆರಂಭದಲ್ಲಿ ಒಮ್ಮೆ ಕಾಣಿಸಿಕೊಂಡು, ಆ ಮಾವಿನ ಮರ ಇದ್ದ ಜಾಗ, ಆ ಜಾಗದ ಪಹಣಿ, ಪಹಣಿಯಲ್ಲಿ ಬಿಟ್ಟುಹೋದ ಹೆಸರು, ಕೋರ್ಟಿನ ವಾಯಿದೆ ಅಂತ ಹಬ್ಬಿಹೋಯಿತು. ಒಗ್ಗರಣೆಗೆ ಅವರು ವಾಪಸು ಬರಲೇ ಇಲ್ಲ.

ಕೊನೆಗೆ ಎಲ್ಲರಿಗಿಂತ ಹಿರಿಯರಾದ ಅತ್ತೆಯನ್ನು ಕೇಳುವುದೇ ಸರಿ ಅಂತ ಊರಿಗೆ ಹೋದಾಗ ನೋಟ್‌ಬುಕ್ಕು ಹಿಡಿದು ಅವರ ಎದುರು ಕೂತೆ. ಅತ್ತೆ ಜಗುಲಿಯಲ್ಲಿ ಕಾಲು ನೀಡಿಕೊಂಡು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ಅಜ್ಜಿಗೆ ತಂಬುಳಿಯೆಂದರೆ ಎಷ್ಟು ಪ್ರಾಣ, ಮಳೆಗಾಲ ಪೂರ್ತಿ ದಿನಕ್ಕೊಂದು ತಂಬುಳಿ ಮಾಡುತ್ತಿದ್ದಳಲ್ಲ ಅಂತ ಪೀಠಿಕೆ ಹಾಕಿದೆ.

"ಯಾರು, ಅಮ್ಮನಿಗಾ?" ಅತ್ತೆ ಎಲೆ ಮಡಚುವುದನ್ನು ನಿಲ್ಲಿಸಿದರು. "ಅವಳಿಗೆ ತಂಬುಳಿ ಕಂಡ್ರೆ ಆಗ್ತಿರಲಿಲ್ಲ ಮಾರಾಯಾ. ಮಳೆಗಾಲದಲ್ಲಿ ಹೊಳೆ ದಾಟಿ ಪೇಟೆಗೆ ಹೋಗೋ ಹಾಗಿಲ್ಲ, ತರಕಾರಿ ಇಲ್ಲ, ಮನೆ ತುಂಬ ಜನ. ಹಿತ್ತಲಲ್ಲಿ ಸಿಕ್ಕಿದ ಎಲೆ ಅರೆದು ಹೊಯ್ತಿದ್ಳು. ಮತ್ತೆಂತ ಮಾಡ್ತಾಳೆ?"

"ಪತ್ರೊಡೆ?"

"ಅದೂ ಹಾಗೇ."

"ಹಲಸಿನ ಬೀಜದ ಹುಳಿ? ಬಾಳೆದಿಂಡಿನ ಪಲ್ಯ?"

"ಎಲ್ಲ ಅದೇ ಲೆಕ್ಕ."

ನಮ್ಮ ಮನೆತನದ ಪಾಕವೈಭವವೆಲ್ಲ ತರಕಾರಿ ಇಲ್ಲದಾಗಿನ ಗತಿಗೇಡು ಅಂತಾಯಿತು. ಈಗ ಅದನ್ನೇ ಬೆಂಗಳೂರಿನಲ್ಲಿ ಮಲೆನಾಡು ಊಟ ಅಂತ ಬಾಳೆಲೆ ಮೇಲೆ ಬಡಿಸಿ, ಮೇಲೆ ಜಿಎಸ್‌ಟಿ ಹಾಕಿ ಬಿಲ್ಲು ಕೊಡುತ್ತಾರೆ. "ಹಾಗಾದ್ರೆ ಅಜ್ಜಿಗೆ ಇಷ್ಟ ಯಾವುದಿತ್ತು ಅತ್ತೆ?" ಅಂದೆ.

"ಬನ್ನು."

"ಎಂತದು?"

"ಪೇಟೆ ಬನ್ನು ಮಾರಾಯಾ. ಅಪ್ಪಯ್ಯ ಪೇಟೆಗೆ ಹೋದಾಗೆಲ್ಲ ಪಂಚೆ ಮಡಿಕೆಯಲ್ಲಿ ಒಂದು ಮುಚ್ಚಿಟ್ಟುಕೊಂಡು ತರ್ತಿದ್ರು. ಮಕ್ಕಳೆಲ್ಲ ಮಲಗಿದ ಮೇಲೆ ಒಲೆ ಎದುರು ಕೂತು ತಿಂತಿದ್ಳು. ನಾನು ಒಂದು ಸರ್ತಿ ಎದ್ದು ನೋಡಿ, ಅರ್ಧ ವಸೂಲಿ ಮಾಡಿದ್ದೆ."

ನೋಟ್‌ಬುಕ್ಕಿನಲ್ಲಿ ‘ಅಜ್ಜಿಯ ನೆಚ್ಚಿನ ತಿನಿಸು: ಬನ್ನು’ ಅಂತ ಬರೆದು, ಆ ಪುಟದ ಫೋಟೋ ತೆಗೆದು ಗುಂಪಿಗೆ ಹಾಕಿದೆ. ಇದರಲ್ಲಾದರೂ ಅಳತೆಯಿಲ್ಲ, ಒಗ್ಗರಣೆಯಿಲ್ಲ, ಜಗಳಕ್ಕೆ ಜಾಗವಿಲ್ಲ ಅಂದುಕೊಂಡಿದ್ದೆ. ಬನ್ನನ್ನು ಚಾದಲ್ಲಿ ಅದ್ದಿ ತಿನ್ನುತ್ತಿದ್ದಳು ಅಂತ ದೊಡ್ಡಮ್ಮ ಬರೆದರು. ಚಾ ಅಲ್ಲ, ಕಷಾಯ ಅಂತ ದೊಡ್ಡಪ್ಪನ ಮಗ. ಅಜ್ಜನ ಪಂಚೆಯಲ್ಲಿ ಬನ್ನು ಬರುತ್ತಿದ್ದರೆ ನಮಗ್ಯಾಕೆ ಒಂದು ದಿನವೂ ಸಿಗಲಿಲ್ಲ ಅಂತ ಇನ್ನಿಬ್ಬರು ಅತ್ತೆಯಂದಿರು ವಿಚಾರಣೆ ಶುರು ಮಾಡಿದರು. ಬನ್ನಿಗೆ ಬೆಲ್ಲದ ಪಾಕ ಹಚ್ಚಿಕೊಳ್ಳುತ್ತಿದ್ದಳು, ತಾನೇ ಕಣ್ಣಾರೆ ನೋಡಿದ್ದೇನೆ ಅಂತ ಬರೆಯುವುದಕ್ಕೆಂದೇ ಚಿಕ್ಕಮ್ಮ ಗುಂಪಿಗೆ ವಾಪಸು ಬಂದರು. ಶಿವಮೊಗ್ಗದ ಮಾವನ ಹೆಸರಿನ ಕೆಳಗೆ ‘ರೆಕಾರ್ಡಿಂಗ್ ಆಡಿಯೋ’ ಅಂತ ಬಂತು. ಅರ್ಧ ಗಂಟೆ ಆಗಿದೆ, ಇನ್ನೂ ಹಾಗೇ ಇದೆ.