ರೆಕ್ಕೆ ಇಲ್ಲದೆಯೂ ಹಾರುತ್ತದೆ

ಹವ್ಯಾಸಿ ರಾಕೆಟ್‌ಗಳ ಬಗೆಗಿನ ನಿಮ್ಮ ಲೇಖನದಲ್ಲಿ, ಬುಡದಲ್ಲಿ ರೆಕ್ಕೆ (ಫಿನ್) ಇಲ್ಲದ ರಾಕೆಟ್ ನೆಟ್ಟಗೆ ಹಾರುವುದೇ ಇಲ್ಲ ಅಂತ ಬರೆದಿದ್ದೀರಲ್ಲ, ಅದನ್ನು ಒಪ್ಪುವುದು ಕಷ್ಟ. 'ಸ್ಪೂಲ್' ರಾಕೆಟ್ ನೋಡಿ. ಎರಡು ದುಂಡು ತಟ್ಟೆ, ನಡುವೆ ಗಿಡ್ಡ ಕೊಳವೆ, ಅದರೊಳಗೆ ಮೋಟಾರ್, ಅಷ್ಟೇ. ದಾರ ಮುಗಿದ ರೀಲಿನ ಹಾಗೆ ಕಾಣುತ್ತದೆ. ಹಿಂಬದಿಯಲ್ಲಿ ಗಾಳಿ ಜಗ್ಗುವುದೇ ಅದನ್ನು ನೆಟ್ಟಗಿಡುತ್ತದೆ. ಮೋಟಾರ್ ಆರಿದ್ದೇ ತಡ, ವೇಗ ಸತ್ತು ಉರುಳುತ್ತಾ ಕೆಳಗೆ ಬರುತ್ತದೆ. ಜಾಸ್ತಿ ಎತ್ತರ ಹೋಗುವುದಿಲ್ಲ, ನಿಜ. ಆದರೆ ಸಣ್ಣ ಮೈದಾನಕ್ಕೆ ಇದೇ ವಾಸಿ, ಹುಡುಕಿಕೊಂಡು ಅಲೆಯುವ ಕೆಲಸ ಇಲ್ಲ!

ಇನ್ನು ಈ ಹವ್ಯಾಸದ ಹುಚ್ಚು ಅಂದ್ರೆ ಅಮೆರಿಕದ ಸ್ಟೀವ್ ಈವ್ಸ್ ಅವರದು. 2009ರಲ್ಲಿ ಮೇರಿಲ್ಯಾಂಡ್‌ನಲ್ಲಿ ಮನುಷ್ಯರನ್ನು ಚಂದ್ರನತ್ತ ಒಯ್ದ ಸ್ಯಾಟರ್ನ್ 5 ರಾಕೆಟ್‌ನ 36 ಅಡಿ ಎತ್ತರದ ಮಾದರಿ ಹಾರಿಸಿದರು. ತೂಕ ಸುಮಾರು 750 ಕೆಜಿ! 4,400 ಅಡಿ ಮೇಲೇರಿ ಪ್ಯಾರಾಚೂಟ್‌ನಲ್ಲಿ ಇಳಿಯಿತು. ಅದರ ಸುದ್ದಿಯೇ ಲೇಖನದಲ್ಲಿ ಇಲ್ವಲ್ಲ?